ಬೆಕ್ಕಿನ ಮನೆಯ ದೋ ಪಿಂಗನ ಕಣ್ಣೀರು

ದೋ ಪಿಂಗನ ಕೆಲಸ ದೊರೆಯ ಬೆಕ್ಕನ್ನು ನೋಡಿಕೊಳ್ಳುವುದು. ಬಡತನ ತಾಳಲಾರದೆ ಅಪ್ಪ ಚಿಕ್ಕಂದಿನಲ್ಲೇ ಅವನ ಗಂಡಸುತನ ಕೊಯ್ಯಿಸಿ ಅರಮನೆಗೆ ಬಿಟ್ಟಿದ್ದ. ಹಾಗೆ ಬಂದ ಖೋಜಾಗಳಲ್ಲಿ ಕೆಲವರು ಮಂತ್ರಿಗಳನ್ನೇ ನಡುಗಿಸುವಷ್ಟು ಬೆಳೆದರು. ಇವನ ಪಾಲಿಗೆ ಬಂದದ್ದು ಬೆಕ್ಕು. ಬೆಕ್ಕಿಗಾದರೂ ದೊರೆ ಕೊಟ್ಟ ದಳವಾಯಿ ಪದವಿ ಇತ್ತು, ಇವನಿಗೆ ಅದೂ ಇಲ್ಲ.

ಒಂದು ದಿನ ಹಿಂಬಾಗಿಲಿಗೆ ತಮ್ಮ ಶೆಂಗನ ಹೆಂಡತಿ ಬಂದಳು.

“ಭಾವ, ನಿಮ್ಮ ತಮ್ಮನ್ನ ಸೆರೆಗೆ ಹಾಕವ್ರೆ. ಏರಿ ಕೆಲಸದಲ್ಲಿ ಮೇಸ್ತ್ರಿ ಹೊಡೆದ ಅಂತ ಇವರೂ ಗುದ್ದಲಿ ಬೀಸಿಬಿಟ್ರು. ಮೇಸ್ತ್ರಿ ಮೇಲೆ ಕೈ ಎತ್ತಿದವರಿಗೆ ಸಾವೇ ಕಾನೂನಂತೆ, ಚಳಿ ಬೀಳೋದ್ರೊಳಗೆ ಕತ್ತು ಹಿಸುಕ್ತಾರಂತೆ. ದೊರೆ ಕಿವಿಗೆ ಒಂದು ಮಾತು ಹಾಕಿ.”

“ನಾನು ಬೆಕ್ಕು ನೋಡ್ಕೊಳ್ಳೋನು ಕಣಮ್ಮ. ಕೇಳದೆ ಬಾಯಿ ಬಿಡೋ ಹಾಗಿಲ್ಲ.”

“ಬೆಕ್ಕು ಕೂಗಬಹುದು, ನೀವು ಕೂಗಬಾರದಾ?”

ಮರುದಿನ ದೋ ಪಿಂಗ್ ಬೆಕ್ಕನ್ನೆತ್ತಿಕೊಂಡು ಒಳಗೆ ಹೋದ. ದೊರೆ ಅದರ ಕಿವಿ ಸವರುತ್ತಾ ತೂಕಡಿಸಿದರು. ತಮ್ಮನ ಮಾತೆತ್ತದೆಯೇ ಅವನು ಬೆಕ್ಕನ್ನು ತಿರುಗಿ ಎತ್ತಿಕೊಂಡ. ಹೊರಗಿನ ಪಡಸಾಲೆಗೆ ಬರುವಷ್ಟರಲ್ಲಿ ಕಣ್ಣೀರು ಧಾರೆಯಾಗಿ ಸುರಿಯತೊಡಗಿತು.

ದೊರೆ ಸಭೆಗೆ ಬರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಒಳಗಿನ ಮಾತನ್ನು ಹೊರಗೆ ಆಡಿದವರ ನಾಲಿಗೆ ಉಳಿಯುತ್ತಿರಲಿಲ್ಲ. ಹಾಗಾಗಿ ಒಳಗಿಂದ ಬಂದವರ ಮುಖ ನೋಡಿಯೇ ಎಲ್ಲರೂ ದೊರೆಯ ಮನಸ್ಸು ಅಳೆಯುತ್ತಿದ್ದರು. ದೊರೆಯ ಹೆಸರಿನಲ್ಲಿ ಕೆಂಪು ಶಾಯಿಯಿಂದ ಅಪ್ಪಣೆ ಬರೆಯುವ ಹಿರಿಯ ಖೋಜಾ ಹೌ ಕೂಡ ಅಷ್ಟೇ. ಅವನು ಅಲ್ಲೇ ನಿಂತಿದ್ದ.

“ಏನೋ ಬೆಕ್ಕಪ್ಪ, ಪರಚಿತಾ?” ಎಂದು ನಕ್ಕವನು ಕಣ್ಣೀರು ಕಂಡು ದನಿ ತಗ್ಗಿಸಿದ. “ಒಳಗೆ ಯಾರ ಮೇಲೆ ಕೋಪ?”

“ಯಾರ ಮೇಲೂ ಇಲ್ಲ ಯಜಮಾನ್ರೇ. ನಮ್ಮ ಶಿಲಿ ಸೀಮೇಲಿ...” ಎಂದವನಿಗೆ ಬಿಕ್ಕಿ ಅಳು ಬಂತು, ಮಾತು ಮುಂದೆ ಹೋಗಲಿಲ್ಲ.

“ಶಿಲಿ ಸೀಮೆ. ಸಾಕು, ಮುಂದೆ ಹೇಳ್ಬೇಡ.” ಹೌ ಸರಸರನೆ ಹೊರಟುಹೋದ.

ಅರಮನೆ ಹೊಂಡದ ತಾವರೆ ಒಣಗುವ ಹೊತ್ತಿಗೆ ತಮ್ಮ ಶೆಂಗನೇ ಬಾಗಿಲಲ್ಲಿ ಬಂದು ನಿಂತಿದ್ದ! ಕೈಯಲ್ಲೊಂದು ಖರ್ಜೂರದ ಗಂಟು. ದೋ ಪಿಂಗ್ ಅವನ ಕತ್ತು ಮುಟ್ಟಿ ನೋಡಿದ.

“ಯಾರೋ ಬಿಟ್ರು?”

“ಯಾರೋ ಅಂತೀಯಲ್ಲಣ್ಣ! ರಾಜಧಾನಿಯಿಂದ ಸವಾರರು ಬಂದ್ರು, ನಮ್ಮ ಸೀಮೆ ಅಧಿಕಾರಿ ವೆಯ್‌ನ ಸರಪಳಿ ಹಾಕಿ ಎಳ್ಕೊಂಡು ಹೋದ್ರು. ಅವನು ಹಾಕಿದ ಶಿಕ್ಷೆಯೆಲ್ಲ ರದ್ದಾಯ್ತು. ಆದ್ರೆ ಅಣ್ಣ, ಅವನನ್ನ ಯಾಕೆ ಹಿಡಿಸ್ದೆ? ಕಾನೂನು ಕೈ ಕಟ್ಟಿತ್ತು, ಶಿಕ್ಷೆ ಬರೆದ. ಬರೆದ ಮೇಲೂ ನನ್ನ ಜೀವ ಉಳಿಸೋಕೆ ಅವನೊಬ್ಬನೇ ಓಡಾಡ್ತಿದ್ದ. ಸೆರೇಲಿ ಗಂಜಿ ಕೊಡಿಸ್ದ. ಈಗ ಅವನ ಕತ್ತು ಹೋಗುತ್ತಂತೆ.”

“ನಾನು ಏನೂ ಮಾಡಿಲ್ಲ ಕಣೋ.”

“ಸರಿ ಬಿಡು. ಹೇಳಬಾರದು ಅಂತಿದ್ರೆ ಬೇಡ,” ಎಂದು ತಮ್ಮ ಹಿಂದಕ್ಕೆ ಸರಿದು, ಯಾರೋ ದೊಡ್ಡವರಿಗೆ ಮಾಡಿದಂತೆ ನೆಲಕ್ಕೆ ಹಣೆ ಹಚ್ಚಿದ.

ದೋ ಪಿಂಗನಿಗೆ ತಲೆಬುಡ ತಿಳಿಯಲಿಲ್ಲ. ತಮ್ಮ ಉಳಿದದ್ದಕ್ಕೆ ಸಂತೋಷಪಡಬೇಕೋ, ಯಾರೋ ಸಾಯುವುದಕ್ಕೆ ಅಳಬೇಕೋ? ಅತ್ತರೆ ಮತ್ತೆ ಯಾವ ಸೀಮೆಗೆ ಸವಾರರು ಹೋಗುತ್ತಾರೋ? ಮುಖ ಒರೆಸಿಕೊಂಡು ನೇರ ಹೌ ಕುಳಿತಲ್ಲಿಗೆ ಹೋದ.

“ಯಜಮಾನ್ರೇ, ಅವತ್ತು ನಾನು ಅತ್ತಿದ್ದು ನನ್ನ ತಮ್ಮನಿಗಾಗಿ. ದೊರೆ ಏನೂ ಅಂದಿರಲಿಲ್ಲ, ತೂಕಡಿಸ್ತಿದ್ರು. ವೆಯ್ ತಪ್ಪು ಮಾಡಿಲ್ಲ, ಬಿಟ್ಟುಬಿಡಿ.”

ಹೌ ಅವನ ಮುಖವನ್ನೇ ದಿಟ್ಟಿಸಿದ. ಆಮೇಲೆ ಎದ್ದು, ಕುಳಿತಿದ್ದ ಪೀಠವನ್ನೇ ಅವನ ಕಡೆ ಸರಿಸಿದ.

“ನನ್ನನ್ನ ಪರೀಕ್ಷೆ ಮಾಡ್ತಿದ್ದೀರಾ ದೋ ಅವರೇ? ದೊರೆ ಏನೂ ಅನ್ನದೆ ನಾನು ಅಧಿಕಾರಿನ ಹಿಡಿಸ್ದೆ ಅಂದ್ರೆ ನನ್ನ ತಲೆ ಉಳಿಯುತ್ತಾ? ಸರಿಯಾಗಿ ಹೇಳಿ. ದೊರೆ ಮನಸ್ಸು ಈಗ ಬದಲಾಗಿದೆ, ಅಲ್ವಾ?”

ಇಲ್ಲವೆಂದರೆ ವೆಯ್ ಸಾಯುತ್ತಾನೆ. ಹೌದೆಂದರೆ ದೊರೆಯ ಬಾಯಿಗೆ ಸುಳ್ಳು ತುರುಕಿದಂತೆ. ದೋ ಪಿಂಗನ ತಲೆ ತಾನಾಗಿಯೇ ಕೆಳಗೆ ಮೇಲೆ ಆಡಿತು.

ಹೌ ಕುಂಚವನ್ನು ಕೆಂಪು ಶಾಯಿಯಲ್ಲಿ ಅದ್ದಿದ. “ವೆಯ್‌ನ ಬಿಡೋದು. ಅವನ ಜಾಗಕ್ಕೆ ಯಾರು ಅಂತ ಅಪ್ಪಣೆ?”

ದೋ ಪಿಂಗನಿಗೆ ಒಂದು ಹೆಸರೂ ಹೊಳೆಯಲಿಲ್ಲ. ಕುಂಚ ಕಾಯುತ್ತಿತ್ತು.

“ಅವನೇ ಇರ್ಲಿ,” ಎಂದ.

ಹೌ ಬಗ್ಗಿ ಬರೆದುಕೊಂಡ.