ಪಟ್ಟದ ಗೊಂಬೆಯ ಹಿಂದೆ ನೇವಾ ನದಿ

ಜಪಾನಿನ ಇಚಿಕಾವಾದ ಫ್ಲಾಟಿನಲ್ಲಿ ದಸರಾ ಗೊಂಬೆ ಕೂರಿಸುವಾಗ ವೇದವಲ್ಲಿಗೆ ಇದ್ದದ್ದು ಒಂದೇ ಆಸೆ. ಮೈಸೂರಿನಿಂದ ವಿಡಿಯೋದಲ್ಲಿ ನೋಡುವ ಅತ್ತೆ ಅನಸೂಯಮ್ಮನವರ ಜೊತೆ ಮಗಳು ವರ್ಷಿಣಿ ಈ ಸಲವಾದರೂ ಕನ್ನಡದಲ್ಲಿ ನಾಲ್ಕು ಮಾತಾಡಬೇಕು. ಅಲ್ಲೇ ಬೆಳೆದ ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು. ಬಾಯಿ ಮಾತ್ರ "ಹಾಯ್ ಅಜ್ಜಿ, ಬೈ ಅಜ್ಜಿ" ದಾಟುತ್ತಿರಲಿಲ್ಲ. ಪ್ರತಿ ಸಲವೂ ಅತ್ತೆಯ ಮುಖ ಸಪ್ಪಗಾಗುತ್ತಿತ್ತು.

ಗೊಂಬೆಗಳ ಹಿಂದೆ ಮೈಸೂರು ಅರಮನೆಯ ಚಿತ್ರ ಅಂಟಿಸಬೇಕಿತ್ತು. ಗಂಡ ಶಂಕರ ಬೀದಿ ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ, ದೊಡ್ಡ ಹಾಳೆಗಳಲ್ಲಿ ತುಂಡು ತುಂಡಾಗಿ ಪ್ರಿಂಟ್ ತೆಗೆದು ತಂದ. ಮಹಾಶಯ ಒತ್ತಿದ್ದು ಮಗಳ ಸ್ಕೂಲ್ ಪ್ರಾಜೆಕ್ಟಿನ ಫೈಲನ್ನು! ಟೇಪು ಹಚ್ಚಿ ಗೋಡೆಗೇರಿಸಿದಾಗ ಕಂಡದ್ದು ಅಗಲವಾದ ನದಿ, ದೋಣಿಗಳು, ಆಚೆ ದಡದಲ್ಲಿ ಅರಮನೆಗಳ ಸಾಲು. ಹದಿನೆಂಟನೇ ಶತಮಾನದ ರಷ್ಯಾದ ಚಿತ್ರಕಾರ ಫ್ಯೋದೊರ್ ಅಲೆಕ್ಸೆಯೆವ್ ಬರೆದ ಪೀಟರ್ಸ್‌ಬರ್ಗ್ ನಗರ.

"ಅದೂ ಅರಮನೇನೇ ಅಲ್ವಾ, ಅಡ್ಜಸ್ಟ್ ಮಾಡ್ಕೊಳೇ," ಎಂದ ಶಂಕರ. ವೇದವಲ್ಲಿ ಬಾಯಿಗೆ ಬಂದಂತೆ ಬೈಯುವಷ್ಟರಲ್ಲಿ ಫೋನ್ ಬಂತು.

ಅತ್ತೆಯ ಕಣ್ಣು ಹದ್ದಿನದು. "ವೇದಾ, ಪಟ್ಟದ ಗೊಂಬೆ ಹಿಂದೆ ಅದೇನೇ ನೀರು? ನಮ್ಮ ಅರಮನೆ ಮುಂದೆ ಯಾವಾಗ ಹೊಳೆ ಬಂತು?"

"ಅದು... ಹಳೇ ಕಾಲದ್ದು ಅತ್ತೆ. ಆಗ ಅಲ್ಲೊಂದು ಕೆರೆ ಇತ್ತಂತೆ."

ವರ್ಷಿಣಿಗೆ ಮೈ ಉರಿಯಿತು. ರಜೆಯೆಲ್ಲ ಕೂತು ಓದಿದ್ದಳು ಆ ಚಿತ್ರಕಾರನ ಬಗ್ಗೆ. "ಅಮ್ಮಾ, ದಟ್ಸ್ ನಾಟ್ ಟ್ರೂ! ಇಟ್ಸ್ ದ ನೇವಾ!"

"ಏನಂತೆ ಮಗೂದು?" ಎಂದರು ಇಂಗ್ಲಿಷ್ ಬಾರದ ಅನಸೂಯಮ್ಮ.

ಅನುವಾದಕ್ಕೆ ಅಮ್ಮನನ್ನು ನಂಬಿದರೆ ಕೆಟ್ಟೆ ಎಂದುಕೊಂಡು ಹುಡುಗಿ ಫೋನನ್ನೇ ಕಿತ್ತುಕೊಂಡಳು. "ಅಜ್ಜಿ, ಇದು ಮೈಸೂರು ಅಲ್ಲ. ರಷ್ಯಾ. ಬರೆದವರು ಅಲ್ಲಿನ ಪೇಂಟರ್. ಯಾವಾಗ್ಲೂ ಊರೇ ಬರೀತಾರೆ. ಅಮ್ಮ ಸುಳ್ಳು ಹೇಳಿದ್ಳು!"

ಮಾನ ಹೋಯಿತೆಂದು ಅಳುವುದೋ, ಮಗಳು ಕನ್ನಡ ಆಡಿದಳೆಂದು ಕುಣಿಯುವುದೋ ವೇದವಲ್ಲಿಗೆ ತಿಳಿಯಲಿಲ್ಲ.

"ಹೌದಾ ಪುಟ್ಟಾ? ಮತ್ತೆ ದೋಣೀಲಿ ಯಾರು ಕೂತಿರೋದು?"

"ಜನ, ಅಜ್ಜಿ. ಸಣ್ಣ ಸಣ್ಣ ಜನ. ರಾಜನ ಮನೆ ದೊಡ್ಡದು. ಆದ್ರೆ ಪೇಂಟರ್ ಜನಾನೂ ಬರೀದೆ ಬಿಡಲ್ಲ."

ಅತ್ತೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ವರ್ಷಿಣಿ ತಡವರಿಸುತ್ತಲೇ ಉತ್ತರಿಸಿದಳು. ಆರತಿ ತಟ್ಟೆ ಹಿಡಿದು ಕಾದೂ ಕಾದೂ ವೇದವಲ್ಲಿ, "ಹೊತ್ತಾಯ್ತು, ಫೋನ್ ಕೊಡೇ," ಎಂದಳು.

"ನೀನು ಸುಮ್ನಿರೇ ವೇದಾ!" ಅತ್ತೆ ಗದರಿದರು. "ಇಲ್ಲಿ ಅಜ್ಜಿ ಮೊಮ್ಮಗಳು ಮಾತಾಡ್ತಿರೋದು ಕಾಣಲ್ವಾ?"

ವೇದವಲ್ಲಿ ತಟ್ಟೆ ಕೆಳಗಿಟ್ಟಳು. ಮದುವೆಯಾದಂದಿನಿಂದ ಅತ್ತೆ ಬೈದದ್ದಕ್ಕೆ ಅವಳು ಇಷ್ಟು ಖುಷಿಪಟ್ಟದ್ದು ಇದೇ ಮೊದಲು.