ಮಖಮಲ್ ಪರದೆ ಮತ್ತು ಮೊದಲ ಮಾತು

ಸಭೆಯಲ್ಲಿ ಎಲ್ಲರೂ "ಹೂಂ" ಅನ್ನುತ್ತಾರೆ. ಆಮೇಲೆ ಮೆಟ್ಟಿಲ ಹತ್ತಿರ ನಿಂತು, "ನಂಗೆ ಮೊದಲೇ ಅನ್ಸಿತ್ತು ನೋಡು" ಎಂದು ಪಿಸುಗುಡುತ್ತಾರೆ. ಇದು ನಾವೆಲ್ಲ ಕಂಡದ್ದೇ. ಒಂದು ಹೊಲಿಗೆಮನೆಯಲ್ಲೂ ಹೀಗೇ ಆಯಿತು.

ಕೈ ಚುರುಕೆಂದು ಅವಳನ್ನು ಎಲ್ಲರೂ ಚುರುಕಿ ಎನ್ನುತ್ತಿದ್ದರು. ವಯಸ್ಸು ಚಿಕ್ಕದಾದರೂ ಮಾಲೀಕರು ಅವಳನ್ನೇ ಮುಖ್ಯಸ್ಥೆ ಮಾಡಿ, ಹೊಲಿಗೆಮನೆಯ ಬೀಗದ ಕೈ ಕೊಟ್ಟಿದ್ದರು. ಮೊದಲ ದೊಡ್ಡ ಕೆಲಸ, ಒಂದು ಕಾಲೇಜಿನ ರಂಗಮಂದಿರಕ್ಕೆ ನೀಲಿ ಮಖಮಲ್ಲಿನ ಪರದೆ. ಎಡಭಾಗ ಒಂದು, ಬಲಭಾಗ ಒಂದು. ಬಟ್ಟೆ ಹರಡಿದರೆ ಕೋಣೆಯೊಳಕ್ಕೆ ಸಂಜೆಯೇ ಇಳಿದು ಬಂದ ಹಾಗಿತ್ತು. ಯಾವ ತುದಿ ಮೇಲೆ, ಯಾವುದು ಕೆಳಗೆ, ಎಲ್ಲವನ್ನೂ ಚುರುಕಿ ಒಂದೇ ಉಸಿರಿಗೆ ಹೇಳಿ, "ಗೊತ್ತಾಯ್ತಲ್ಲ?" ಅಂದಳು. ಎಲ್ಲರೂ ಅತ್ತೆ ಎನ್ನುವ ಹಿರಿಯಳು, ಕನ್ನಡಕದ ಅಕ್ಕ, ಹೊಸದಾಗಿ ಸೇರಿದ ಹೆಂಗಸು, ಮೂವರು ಹೊಲಿಗೆಯವರೂ "ಹೂಂ" ಅಂದರು.

ಎರಡೂ ಭಾಗಗಳಿಗೆ ಕ್ಲಿಪ್ಪು ಸಿಕ್ಕಿಸಿ, ತೂಗುಬಿಟ್ಟು, ದೀಪ ಹಾಕಿದಾಗ ತಪ್ಪು ಎದ್ದು ಕಂಡಿತು. ಬಲಭಾಗ ಗಾಢ ನೀಲಿ, ಎಡಭಾಗ ಮಾಸಿದಂತೆ ತಿಳಿ. ಮಖಮಲ್ಲಿಗೆ ಬೆಕ್ಕಿನ ಮೈಯಂತೆ ಒಂದೇ ದಿಕ್ಕಿಗೆ ಒರಗಿದ ನವಿರು ಇರುತ್ತದೆ, ದಿಕ್ಕು ಬದಲಾದರೆ ಬಣ್ಣವೂ ಬೇರೆ ಕಾಣುತ್ತದೆ. ಎಡಭಾಗದ ನವಿರು ಎದುರು ದಿಕ್ಕಿಗೆ ಹೋಗಿತ್ತು. ಒಮ್ಮೆ ಸೂಜಿ ಚುಚ್ಚಿದರೆ ಗುರುತು ಉಳಿಯುವ ಬಟ್ಟೆ, ಬಿಚ್ಚಿ ಹೊಲಿಯುವಂತಿಲ್ಲ. ಮರುದಿನ ಸಂಜೆಯೇ ಪರದೆ ತಲುಪಬೇಕು.

"ನಾಳೆ ಬೀಗದ ಕೈ ವಾಪಸ್ ಕೊಟ್ಟುಬಿಡ್ತೀನಮ್ಮ. ಇದು ನನ್ನ ಕೈಲಾಗಲ್ಲ" ಎಂದಳು ಮನೆಗೆ ಬಂದು.

ಅಮ್ಮ ಮಹಿಳಾ ಸಂಘದ ಅಧ್ಯಕ್ಷೆ. "ಗಟ್ಟಿಯಾಗಿ ಹೇಳ್ಬೇಕಿತ್ತು ಕಣೇ. ಮೇಲಿರೋರು ಮೆತ್ತಗಿದ್ರೆ ಹೀಗೇ ಆಗೋದು."

"ಅಕ್ಕ ಮೆತ್ತಗಾ? ಇವಳು ಹೇಳಿದ್ರೆ ಪಕ್ಕದ ಮನೆ ನಾಯಿನೂ ಕೂತ್ಕೊಳ್ಳುತ್ತೆ" ಎಂದಳು ಕಾಲೇಜಿಗೆ ಹೋಗುವ ತಂಗಿ. "ನಾಟಕದ ತಂಡಕ್ಕೆ ನನ್ನ ಲೀಡರ್ ಮಾಡಿದಾಗ ನಾನೂ ಹೀಗೇ ಮೊದಲು ಮಾತಾಡ್ತಿದ್ದೆ. ಎಲ್ಲ ತಲೆ ಆಡಿಸೋರು, ಕೆಲಸ ಕೆಡೋದು. ಈಗ ಹೊಸಬರು ಮೊದಲು ಮಾತಾಡ್ತಾರೆ, ನಾನು ಕೊನೆಗೆ. ತಪ್ಪು ಹೇಳಿದ್ರೂ ನಡುವೆ ಬಾಯಿ ಹಾಕಲ್ಲ."

ಸಕ್ಕರೆ ಕೇಳಲು ಬಂದಿದ್ದ ಮಹಡಿ ಮನೆಯ ನರ್ಸ್ ಬಾಗಿಲಲ್ಲೇ ನಿಂತು ತಲೆದೂಗಿದಳು. "ನಮ್ಮ ವಾರ್ಡಲ್ಲೂ ಹಾಗೇ ಆಂಟಿ. ಪಾಳಿ ಬದಲಾಗೋವಾಗ ದೊಡ್ಡ ಸಿಸ್ಟರ್ ಮೊದಲೇ ಹೇಳಿಬಿಟ್ರೆ, ಹೊಸಬಳು ಕಣ್ಣಾರೆ ಕಂಡಿದ್ದನ್ನೂ ನುಂಗ್ಕೊಂಡುಬಿಡ್ತಾಳೆ."

"ಕೊನೆಗೆ ಬಾಯಿ ಬಿಡೋಳು ಅದೆಂಥ ನಾಯಕಿ?" ಅಮ್ಮ ಮೂಗು ಮುರಿದಳು. "ಗಾಡಿ ಎಳೆಯೋ ಎತ್ತು ಗಾಡಿ ಹಿಂದೆ ಇರುತ್ತಾ?"

ಅಂದು ಚುರುಕಿಗೆ ಕನಸು ಬಿತ್ತು. ನೀಲಿ ಪರದೆಯ ಹಿಂದೆ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು. ಪರದೆ ಸರಿಸಲು ಕೈ ಚಾಚಿದರೆ, ತನ್ನದೇ ದನಿ ಅಲೆಯಂತೆ ಬಂದು ಆ ಮಾತನ್ನು ಮುಚ್ಚಿಬಿಡುತ್ತಿತ್ತು.

ಬೆಳಿಗ್ಗೆ ಹೊಲಿಗೆಮನೆಯಲ್ಲಿ ಎಲ್ಲರೂ ನೀಲಿ ಬಟ್ಟೆಯ ನಡುವೆ ನೆಲದ ಮೇಲೆ ಕೂತರು. "ತಪ್ಪು ನಂದು. ದಾರಿ ನೀವು ಹೇಳಿ. ಹೊಸಬರು ಮೊದಲು. ನಾನು ಕೊನೆಗೆ ಮಾತಾಡ್ತೀನಿ" ಎಂದಳು ಚುರುಕಿ.

ಬಿಸಿಲಕೋಲಿನಲ್ಲಿ ನೂಲಿನ ಧೂಳು ತೇಲುತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಕಳೆದ ತಿಂಗಳು ಸೇರಿದ್ದ ಹೆಂಗಸು ಕೊನೆಗೆ ಗಂಟಲು ಸರಿಮಾಡಿಕೊಂಡಳು. "ಎರಡು ಕಡೆನೂ ಒಂದೇ ಥರ ಕಾಣೋಕೆ... ಎಡಗಡೆ ದೀಪ ಮಂದ ಮಾಡಿಸಿದ್ರೆ?"

"ಹಾಗಾದ್ರೆ ಎಡಗಡೆ ನಿಂತ ಪಾತ್ರಧಾರಿ ಕತ್ತಲಲ್ಲೇ ಕುಣೀಬೇಕು!" ಬಟ್ಟೆ ಕತ್ತರಿಸುವ ಅತ್ತೆ ಬಿದ್ದು ಬಿದ್ದು ನಕ್ಕಳು.

'ಅದೆಲ್ಲ ಆಗಲ್ಲ' ಎಂಬ ಮಾತು ಚುರುಕಿಯ ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಕೂತಳು.

ಕನ್ನಡಕದ ಅಕ್ಕ ನಗಲಿಲ್ಲ. "ಅಲ್ಲ, ದೀಪ ಬದಲಿಸೋ ಬದಲು ಪರದೆನೇ ತಲೆಕೆಳಗು ಮಾಡಿದ್ರೆ? ನವಿರೂ ತಿರುಗುತ್ತಲ್ವಾ?"

ಅತ್ತೆಯ ನಗು ಅರ್ಧಕ್ಕೇ ನಿಂತಿತು. "ತಡಿ ತಡಿ! ಪರದೆ ತೂಗುಹಾಕೋ ಮೇಲ್ಪಟ್ಟಿ ಇನ್ನೂ ಹೊಲಿದಿಲ್ಲ. ಕೆಳಗಿನ ಮಡಿಕೆ ಒಂದು ಬಿಚ್ಚಿದ್ರೆ ಸಾಕು. ಆ ಸೂಜಿ ಗುರುತು ಮೇಲಕ್ಕೆ ಹೋಗಿ ಪಟ್ಟಿಯೊಳಗೆ ಅಡಗುತ್ತೆ."

ಚುರುಕಿಯ ಸರದಿ ಬಂತು. ಅವಳು ಹೇಳಿದ್ದು ಒಂದೇ ಮಾತು. "ಹಾಗೇ ಮಾಡೋಣ."

ಮಧ್ಯಾಹ್ನ ಮತ್ತೆ ದೀಪ ಹಾಕಿದರು. ಎಡಬಲವೆಂಬುದೇ ಇಲ್ಲದೆ ಒಂದೇ ನೀಲಿ, ಈಗಷ್ಟೇ ನಕ್ಷತ್ರ ಮೂಡಬೇಕಾದ ಆಕಾಶದಂತೆ. ಹೊಸಬಳು ಅದರ ಮೇಲೆ ಕೈಯಾಡಿಸುತ್ತ, "ನವಿರು ಎದುರಾಗಿದೆ ಅಂತ ಮೊದಲ ದಿನಾನೇ ಕೈಗೆ ತಾಗಿತ್ತು" ಅಂದಳು.

"ಮತ್ತೆ ಯಾಕೆ ಹೇಳ್ಲಿಲ್ಲ?" ಕೇಳಿದಳು ಚುರುಕಿ.

"ನೀವು ಎಲ್ಲ ಹೇಳಿ ಮುಗಿಸಿದ್ರಲ್ಲಮ್ಮ. ನನ್ನ ಮಾತಿಗೆ ಜಾಗ ಎಲ್ಲಿತ್ತು?"

ಬೀಗದ ಕೈ ಚುರುಕಿಯ ಚೀಲದಲ್ಲೇ ಉಳಿಯಿತು.

ಮಗಳಿಂದ ಇದನ್ನೆಲ್ಲ ಕೇಳಿದ್ದ ಅಮ್ಮ ಮುಂದಿನ ವಾರ ಸಂಘದ ಸಭೆಯಲ್ಲಿ ಎದ್ದು ನಿಂತಳು. ಎಲ್ಲರೂ ಉದ್ದ ಭಾಷಣಕ್ಕೆ ಸಿದ್ಧರಾದರು. ಅವಳು, "ಹೊಸದಾಗಿ ಸೇರಿದೋಳು ಯಾರವ್ವ? ನೀನು ಮೊದಲು ಹೇಳು" ಎಂದವಳೇ, ತನ್ನ ಬಾಯಿಯನ್ನು ನಂಬಲಾರದೆ ಸೆರಗಿನಿಂದ ಮುಚ್ಚಿಕೊಂಡು ಕೂತಳು.

ಓದುತ್ತಿರುವ ನೀವೂ ಎಲ್ಲೋ ಒಂದು ಕಡೆ ಹಿರಿಯರಾಗಿರುತ್ತೀರಿ, ಮನೆಯಲ್ಲಿ, ತಂಡದಲ್ಲಿ, ಸಂಘದಲ್ಲಿ. ಬೆಂಕಿ ಬಿದ್ದಾಗ ಹೀಗೆ ಸುತ್ತ ಕೂತು ಕೇಳಬೇಡಿ, ಆಗ ಕೂಗಿ ಹೇಳಲೇಬೇಕು. ಉಳಿದ ದಿನ ಹೊಸಬರಿಗೆ ಮೊದಲ ಮಾತು ಕೊಡಿ. ಆ ಮಾತು ತಪ್ಪಾಗಿರಬಹುದು, ನಗು ಬರಬಹುದು. ಆದರೂ ತಡೆಯಬೇಡಿ, ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತಿರುತ್ತದೆ. ನಿಮ್ಮ ಮುಂದಿನ ಸಭೆಯಲ್ಲೇ ಮಾಡಿ ನೋಡಿ. ಸ್ವಲ್ಪ ಹೊತ್ತು ಮೌನ ಕವಿದರೆ ಹೆದರಬೇಡಿ. ಪರದೆ ಏಳುವ ಮುಂಚೆ ಅಷ್ಟು ಮೌನ ಇದ್ದೇ ಇರುತ್ತದೆ.