ಒಂಬತ್ತು ಪಾದದ ಗುಂಡಿ

“ಮೇಷ್ಟ್ರೇ, ಗುಂಡಿ ಸಣ್ಣದಾತಲ್ರೀ!” ಗೋಪಾಲಪ್ಪ ಗುದ್ದಲಿ ಎತ್ತಿ ಹಿಡಿದೇ ಕೂಗಿದ.

ಶಾಂತವೀರಪ್ಪ ಮೇಷ್ಟ್ರಿಗೆ ರೇಗಿಹೋಯಿತು. ತೊಗರ್ಸಿಯ ಈ ಹೊಲದಲ್ಲಿ ಬೆಳಿಗ್ಗೆ ಬಾಂದುಕಲ್ಲನ್ನೇ ಸೊನ್ನೆ ಅಂತ ಇಟ್ಟುಕೊಂಡು, ಪೂರ್ವಕ್ಕಿಷ್ಟು ಉತ್ತರಕ್ಕಿಷ್ಟು ಎಂದು ಗೂಟ ಹೊಡೆದವರು ಅವರೇ. ಮೂವತ್ತೈದು ವರ್ಷ ಗಣಿತ ಕಲಿಸಿದವರ ಗೂಟ ತಪ್ಪೀತೇ? “ನಾಲ್ಕು ಮೂಲೆನೂ ಸರಿ ಅದಾವು. ಬೇಕಾದ್ರೆ ನೋಡು.”

“ಮೂಲೆ ಸರಿ ಅದಾವ್ರೀ. ಉದ್ದ?” ಎನ್ನುತ್ತ ಅಂತ್ಯಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಮುಂದಾದರು. “ತೀರಿಕೊಂಡವರ ಪಾದದಲ್ಲೇ ಒಂಬತ್ತು ಪಾದ ಆಗ್ಬೇಕು. ಪರಮಶಿವಪ್ಪನೋರದು ಹತ್ತನೇ ನಂಬರ್ ಚಪ್ಪಲಿ. ಇದು ಯಾರ ಪಾದದ ಅಳತೆ ಮೇಷ್ಟ್ರೇ?”

ಮೇಷ್ಟ್ರು ಕೈಯಲ್ಲಿದ್ದ ಅಳತೆಯ ದಾರವನ್ನು ಮುಷ್ಟಿಯೊಳಗೆ ಮುದುರಿಕೊಂಡರು. ಏನು ಹೇಳುವುದು? ಊರೆಲ್ಲ ನೋಡುತ್ತಿರುವಾಗ ಆ ಮನುಷ್ಯನ ಕಾಲು ಮುಟ್ಟಲು ಮನಸ್ಸಾಗದೆ, ಹಿತ್ತಲಿಗೆ ಹೋಗಿ ತಮ್ಮ ಕಾಲಿಗೇ ದಾರ ಹಿಡಿದು ಕತ್ತರಿಸಿಕೊಂಡು ಬಂದದ್ದನ್ನೇ?

*

ಇಬ್ಬರೂ ಶಿರಾಳಕೊಪ್ಪದ ಒಂದೇ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಶಾಂತವೀರಪ್ಪ ಮರದ ಕೈವಾರ ಹೊತ್ತುಕೊಂಡು ಕ್ಲಾಸಿಗೆ ಹೋಗುತ್ತಿದ್ದರು. ಪರಮಶಿವಪ್ಪ ಬರಿಗೈಯಲ್ಲಿ ಹೋಗಿ, ತೋಳು ಒಂದು ಸುತ್ತು ತಿರುಗಿಸಿ, ಬೋರ್ಡಿನ ಮೇಲೆ ದುಂಡನೆಯ ವೃತ್ತ ಎಳೆದುಬಿಡುತ್ತಿದ್ದರು. ಹುಡುಗರಿಂದ ಚಪ್ಪಾಳೆಯೋ ಚಪ್ಪಾಳೆ. ಗೋಡೆಯ ಈಚೆ ಶಾಂತವೀರಪ್ಪನವರ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು.

ಒಂದು ದಿನ ಶಾಲೆ ಬಿಟ್ಟ ಮೇಲೆ ಆ ವೃತ್ತದ ನಡುವಿನಿಂದ ದಾರ ಹಿಡಿದು ಎಂಟು ದಿಕ್ಕಿಗೂ ಅಳೆದರು. ಕೆಳಗಡೆ ಅರ್ಧ ಬೆರಳು ಹೆಚ್ಚು! ಆಹಾ, ಅವರಿಗೆ ಹಬ್ಬವೇ ಆಯಿತು. ತಿರುಗಿದರೆ ಬಾಗಿಲಲ್ಲಿ ಪರಮಶಿವಪ್ಪ ನಗುತ್ತ ನಿಂತಿದ್ದರು. “ಹೌದ್ರೀ, ಕೆಳಗೆ ಜೋತುಬೀಳ್ತದೆ. ನಾಳೆ ಹುಡುಗ್ರಿಗೂ ತೋರಿಸ್ತೀನಿ.”

ತೋರಿಸಿಯೇಬಿಟ್ಟರು. ನಡುವಿನಿಂದ ಸುತ್ತೆಲ್ಲ ಒಂದೇ ದೂರ ಇದ್ದರೆ ಮಾತ್ರ ವೃತ್ತ, ನಂದು ಕುಂಬಳಕಾಯಿ, ತಪ್ಪು ಹಿಡಿದವರು ಶಾಂತವೀರಪ್ಪ ಮೇಷ್ಟ್ರು ಎಂದರು. ಹುಡುಗರು ಬಿದ್ದೂಬಿದ್ದೂ ನಕ್ಕು, ಚಪ್ಪಾಳೆ ತಟ್ಟಿದ್ದು ಪರಮಶಿವಪ್ಪನಿಗೇ. ತಪ್ಪಿಗೂ ಚಪ್ಪಾಳೆ! ಇಂಥವನನ್ನು ಏನು ಮಾಡುವುದು?

*

“ಯಾರದ್ದಾದ್ರೂ ಆಗ್ಲಿ ಬಿಡ್ರೀ,” ಎಂದರು ಪರಮಶಿವಪ್ಪನವರ ಹೆಂಡತಿ ಜಗದಾಂಬ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಇನ್ನೊಮ್ಮೆ ಅಳೀರಿ ಮೇಷ್ಟ್ರೇ. ಅಳತೆ ಅಂದ್ರೆ ನೀವೇ ಅಂತಿದ್ರು ಅವ್ರು.”

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ನೆಲಕ್ಕಿಳಿಸಿದ ಹೂವಿನ ಮಂಟಪದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಿಸಿದ್ದ ಪರಮಶಿವಪ್ಪನವರ ಮುಂದೆ ಶಾಂತವೀರಪ್ಪ ಮಂಡಿಯೂರಿದರು. ತಲೆ ತಗ್ಗಿಸಿ, ಹಿಮ್ಮಡಿಯಿಂದ ಹೆಬ್ಬೆರಳಿಗೆ ಬೇರೆ ದಾರ ಹಿಡಿದರು. ತಮ್ಮ ಕಾಲಿಗಿಂತ ಒಂದೂವರೆ ಬೆರಳು ಹೆಚ್ಚು. ಕಾಲಿನಲ್ಲೂ ಇವನದೇ ಮೇಲುಗೈ! ಸತ್ತವನ ಮೇಲೂ ಹೊಟ್ಟೆಕಿಚ್ಚೇ ಎಂದು ನಾಚಿಕೆಯಾಯಿತು. ಕಿಚ್ಚು ಮಾತ್ರ ಆರಲಿಲ್ಲ.

“ನೋಡ್ರೋ, ಶಾಂತವೀರಪ್ಪ ಮೇಷ್ಟ್ರೇ ಕಾಲಿಗೆ ಬಿದ್ರು!” ಹಳೇ ವಿದ್ಯಾರ್ಥಿ ಸಂಗಮೇಶ್ ಚಪ್ಪಲಿ ಬಿಟ್ಟು ಬಂದು ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ನೋಡನೋಡುತ್ತ ಹೊಲದ ಬದುವಿನವರೆಗೂ ಸಾಲು ಬೆಳೆಯಿತು. ಒಬ್ಬೊಬ್ಬರಾಗಿ ಬಗ್ಗಿ, ಪರಮಶಿವಪ್ಪನವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದರು.

ಗೋಪಾಲಪ್ಪ ದಾರ ಇಸಿದುಕೊಂಡು ಗುಂಡಿಗಿಳಿದ. ಮೇಷ್ಟ್ರ ಕೆಲಸ ಮುಗಿದಿತ್ತು, ಸಾಲು ಮುಗಿದಿರಲಿಲ್ಲ. ಆದರೂ ಅವರು ಏಳಲಿಲ್ಲ. ಸ್ವಲ್ಪ ಸರಿದು ಅಲ್ಲೇ ಕೂತರು. ಯಾರೂ ತಮ್ಮ ಕಡೆ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬಲಗಾಲನ್ನು ಪಂಚೆಯೊಳಗಿಂದ ಮೆಲ್ಲಗೆ ಹೊರಗೆ ತಂದು, ಪರಮಶಿವಪ್ಪನವರ ಪಾದದ ಪಕ್ಕಕ್ಕೇ ಇಟ್ಟರು.